ಒಂದು ಮಾನಿಟರು, ಮೂರು ಕೆಂಪು

ನವಲಗುಂದದ ರೂಬಿನಾಳಿಗೆ ಸಣ್ಣಂದಿನಿಂದ ಒಂದು ಚಟ. ಯಾರಾದರೂ "ಅದು ಹಂಗ ಇರ್ತೈತಿ ಬಿಡು" ಅಂದರೆ ಆಕೆಗೆ ಬಿಡಲಿಕ್ಕೆ ಆಗುತ್ತಿರಲಿಲ್ಲ. ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಯಾಕೆ ಉಬ್ಬುತ್ತದೆ? ತೊಯ್ದ ಅರಿವೆ ಒಣಗಿದ ಅರಿವೆಗಿಂತ ಯಾಕೆ ಕಪ್ಪಗೆ ಕಾಣುತ್ತದೆ? ಬಸ್ಸಿನ ಚಕ್ರ ಜೋರಾಗಿ ತಿರುಗುವಾಗ ಒಮ್ಮೊಮ್ಮೆ ಹಿಂದಕ್ಕೆ ಹೋದಂಗೆ ಯಾಕೆ ತೋರುತ್ತದೆ? ತಾಯಿ ಫಾತಿಮಾಬಿ ರೊಟ್ಟಿ ಬಡಿಯುತ್ತ, "ಈಕಿ ಬಾಯಾಗ ತುತ್ತಿಗಿಂತ 'ಯಾಕ' ಜಾಸ್ತಿ" ಅಂತಿದ್ದಳು.

ಆ ಚಟವೇ ಮುಂದೆ ಆಕೆಯ ಕೈಗೆ ಕ್ಯಾಮೆರಾ ಕೊಟ್ಟಿತು. ಊರಿನಲ್ಲಿ ಫೋಟೋ ತೆಗೆಯುವ ಗಂಡಸರಿಗೆ ಕೊರತೆ ಇರಲಿಲ್ಲ. ಆದರೆ ಬಳೆ ಇಡಿಸುವುದು, ಅರಿಷಿಣ ಹಚ್ಚುವುದು, ಸೀಮಂತ, ಮದುಮಗಳಿಗೆ ಮೆಹಂದಿ, ಇಂಥ ಹೆಣ್ಣುಮಕ್ಕಳ ಮಂದಿಯ ನಡುವೆ ಗಂಡಸು ಫೋಟೋದವನು ಹೊಕ್ಕರೆ ಎಲ್ಲರ ಸೆರಗೂ ತಲೆಗೇರಿ, ಎಲ್ಲರ ನಗುವೂ ಬಾಯಿ ಮುಚ್ಚಿಬಿಡುತ್ತಿತ್ತು. ರೂಬಿನಾ ಹೋದರೆ ಹಂಗಿಲ್ಲ. ಹಿಂದೂ ಮನೆ, ಮುಸಲ್ಮಾನರ ಮನೆ ಅಂತ ಇಲ್ಲ, ಅಣ್ಣಿಗೇರಿಯಿಂದ ಹಿಡಿದು ಸಂಶಿಯ ತನಕ ಆಕೆಗೆ ಕರೆ. "ಮಂದಿ ಲಗ್ನದ ಫೋಟೋ ತಗದು ತಗದು ನಿಂದ ಮರ್ತಿ ನೋಡು" ಅಂತ ಮುದುಕಿಯರು ಚುಚ್ಚಿದರೆ, "ನನ್ನ ಲಗ್ನಕ್ಕ ಫೋಟೋ ಯಾರ ತಗೀಬೇಕ್ರಿ ಮತ್ತ? ಅದ ಚಿಂತಿ" ಅನ್ನುತ್ತಿದ್ದಳು.

ಇದರ ಜೊತೆಗೆ ಮನೆಯೊಳಗೇ ಆಕೆಗೆ ಇನ್ನೊಂದು ಕೆಲಸ ಇತ್ತು. ಫಾತಿಮಾಬಿ ಜಮಖಾನ ನೇಯುವಾಕಿ. ಹಿಂದಿನ ಕೋಣೆಯಲ್ಲಿ ಗೋಡೆಗೆ ಆನಿಸಿ ನಿಂತ ಮಗ್ಗ, ಅದರ ಮುಂದೆ ಹಲಗೆ, ಹಲಗೆಯ ಮೇಲೆ ಫಾತಿಮಾಬಿ. ನಡುವೆ ಪಗಡೆಯ ಮನೆಗಳು, ಸುತ್ತ ನವಿಲು, ಅಂಚಿಗೆ ಹೂ. ನೂಲಿಗೆ ಬಣ್ಣ ಹಾಕುವುದೂ ಆಕೆಯೇ, ಹಿತ್ತಲ ಒಲೆಯ ಮೇಲೆ ಹಂಡೆ ಇಟ್ಟು. ಅದರೊಳಗೆ ಆಕೆಯ ಕೆಂಪು ಅಂದರೆ ಕೆಂಪು. ಅತ್ತೆ ತೋರಿಸಿಕೊಟ್ಟದ್ದು. ಎರಡು ಪುಡಿ ಬೆರೆಸಿ, ಉಪ್ಪು ಹಾಕಿ, ಕುದಿ ಏರಿದ ಮೇಲೆ ಉರಿ ಇಳಿಸಿ, ನೂಲು ತೆಗೆದು ಹಿಂಡಿ ನೋಡಿ, ಮತ್ತೆ ಅದ್ದಿ. ಹಣ್ಣಾದ ಮೆಣಸಿನಕಾಯಿ ಗಿಡದಲ್ಲಿದ್ದಾಗ ಇರುತ್ತದಲ್ಲ, ಆ ಕೆಂಪು.

ನೇಯ್ದು ಮುಗಿದ ಜಮಖಾನದ ಫೋಟೋ ತೆಗೆದು ಪುಣೆಯ ಒಬ್ಬ ಶೇಠ್‌ಗೆ ಕಳಿಸುವುದು ರೂಬಿನಾಳ ಕೆಲಸ. ಶೇಠ್ ಆ ಫೋಟೋವನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಹಾಕುತ್ತಿದ್ದ. ಎಲ್ಲಿಯವರೋ ನೋಡಿ ಕೊಳ್ಳುತ್ತಿದ್ದರು. ನಾಲ್ಕೈದು ವರ್ಷ ಇದು ಸುಸೂತ್ರ ನಡೆಯಿತು.

ಈ ವರ್ಷ ಏನಾಯಿತೋ, ಹೋದ ಜಮಖಾನ ತಿರುಗಿ ಬರಲಿಕ್ಕೆ ಹತ್ತಿದವು.

ಮೊದಲನೆಯದು ಬಂದಾಗ ಫಾತಿಮಾಬಿ ಎಲ್ಲೋ ಇಲಿ ಕಡಿದಿರಬೇಕು ಅಂತ ಬಿಚ್ಚಿ ಅಂಚಂಚು ತಡವಿ ನೋಡಿದಳು. ಎಲ್ಲ ಸರಿ ಇತ್ತು. ಎರಡನೆಯದು ಬಂದ ದಿನ ಶೇಠ್‌ನ ಫೋನೂ ಬಂತು. ಮಾತೆಲ್ಲ ಹಿಂದಿಯಲ್ಲಿ. ರೂಬಿನಾ ಸ್ಪೀಕರಿಗೆ ಹಾಕಿದ್ದಳು, ಅದೇ ತಪ್ಪಾಯಿತು.

"ಫೋಟೋದಲ್ಲಿ ಇಟ್ಟಂಗಿ ಬಣ್ಣ ಕಾಣುತ್ತದೆ ಬೆಹೆನ್. ಮೆತ್ತಗೆ, ಸುಟ್ಟ ಮಣ್ಣಿನ ಹಾಗೆ. ಡಬ್ಬಿ ಬಿಚ್ಚಿದರೆ ಕಣ್ಣಿಗೆ ಹೊಡೆಯುವ ಕೆಂಪು. ಗಿರಾಕಿ ಸಿಟ್ಟಾಗುತ್ತಾರೆ. ಒಂದು ಕೆಲಸ ಮಾಡಿ, ಫೋಟೋದ ಬಣ್ಣವೇ ಜನಕ್ಕೆ ಸೇರಿದೆ. ನಿಮ್ಮ ತಾಯಿಗೆ ಹೇಳಿ ಮುಂದಿನದಕ್ಕೆ ಆ ಬಣ್ಣವನ್ನೇ ಹಾಕಿಸಿ. ಇನ್ನೊಂದು ತಿರುಗಿ ಬಂದರೆ ನನಗೆ ಆಗುವುದಿಲ್ಲ."

ಫಾತಿಮಾಬಿ ಮಗ್ಗದ ಮುಂದಿನಿಂದ ಎದ್ದು ಬಂದಿದ್ದಳು. ಕೈಯಲ್ಲಿ ಪಂಜ, ಅದೇ ನೂಲು ಬಡಿದು ಕೂಡಿಸುವ ಕಬ್ಬಿಣದ ಹಣಿಗೆ, ಹಾಗೇ ಇತ್ತು.

"ಅಂದ್ರ ನನ್ನ ಕೆಂಪ ತಪ್ಪು, ನಿನ್ನ ಫೋಟೋದ್ದ ಖರೆ?"

"ಹಂಗಲ್ಲ ಅಮ್ಮಿ..."

"ಹಂಗ ಐತಿ. ಆತು. ಕೊಳ್ಳೋರು ಅವರು. ಅವರಿಗೆ ಬೇಕಾದ್ದ ಮಾಡೂಣು."

ಬೈದಿದ್ದರೆ ರೂಬಿನಾ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಮರುದಿನ ಫಾತಿಮಾಬಿ ತಾನೇ ಪೇಟೆಗೆ ಹೋಗಿ ಕಂದು ಬಣ್ಣದ ಪುಡಿಯ ಪೊಟ್ಟಣ ತಂದು ಒಲೆಯ ಮೇಲಿನ ಮಾಡದಲ್ಲಿ ಇಟ್ಟಳು. ಮಗ್ಗದ ಮೇಲಿನದು ಮುಗಿದ ಕೂಡಲೇ ಮುಂದಿನ ಜಮಖಾನಕ್ಕೆ ನೂಲು ಕುದಿಸಬೇಕು. ಆ ಹಂಡೆಗೆ ಕಂದು ಬಿದ್ದರೆ ಅತ್ತೆಯ ಕೆಂಪು ಆ ಮನೆಯಿಂದ ಹೋದಂಗೆ. ಅದೂ ಮಗಳ ಫೋಟೋದ ಸಲುವಾಗಿ.

ರೂಬಿನಾ ಅಂದೇ ಕಂಪ್ಯೂಟರಿನ ಮುಂದೆ ಕುಂತಳು. ಪಡಸಾಲೆಯ ಮೂಲೆಯಲ್ಲಿ ಟೇಬಲ್ಲು, ಬಲಕ್ಕೆ ಕಿಡಕಿ. ಹೋದ ರಂಜಾನಿಗೆ ತಂದೆ ಅಲ್ಲಾಭಕ್ಷ ತಾನೇ ಆರಿಸಿ ತಂದು ಹೊಡೆಸಿದ ಗಿಳಿಹಸಿರು ಗೋಡೆಗಳ ನಡುವೆ ಆ ಮೂಲೆ ಹೊಸ ಮದುವೆಯ ಮನೆಯ ಹಾಗೆ ಹೊಳೆಯುತ್ತಿತ್ತು. ಮಾನಿಟರ್ ಮಾತ್ರ ಹಳೆಯದು. ಅಣ್ಣಿಗೇರಿಯಲ್ಲಿ ಬಾಗಿಲು ಮುಚ್ಚಿದ ಕಂಪ್ಯೂಟರ್ ಕ್ಲಾಸಿನಿಂದ ತಂದದ್ದು. ಜಮಖಾನದ ಫೋಟೋ ತೆರೆದಳು. ತಾಯಿಯನ್ನೂ ತಮ್ಮ ಯುನೂಸನನ್ನೂ ಕರೆದಳು.

ಯುನೂಸ್ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಿದ್ದ. ಅಂಗಡಿ ಮುಚ್ಚಿ ಬಂದನೆಂದರೆ ಅದೇ ಕಂಪ್ಯೂಟರಿನಲ್ಲಿ ಗೆಳೆಯರ ಜೊತೆ ಬಂದೂಕಿನ ಆಟ. ಅವನು ಅಕ್ಕನ ಹಿಂದೆ ನಿಂತ. ಫಾತಿಮಾಬಿ ಕುರ್ಚಿ ಒಲ್ಲೆನೆಂದು ನೆಲದ ಮೇಲೆ ಕುಂತಳು.

"ಯಾವ ಬಣ್ಣ ಕಾಣ್ತೈತಿ?"

"ಕೆಂಪು" ಅಂದ ಯುನೂಸ್. "ಆದ್ರ ಹಾಲ ಹಾಕಿದಂಗ."

"ಕರಿ" ಅಂದಳು ಫಾತಿಮಾಬಿ. "ಸುಟ್ಟ ಬದನಿಕಾಯಿ."

ರೂಬಿನಾಳಿಗೆ ಕಂಡದ್ದು ಎರಡೂ ಅಲ್ಲ. ಎದ್ದು ನಿಂತು ನೋಡಿದಳು, ಬಣ್ಣ ತೆಳುವಾಯಿತು. ಬಗ್ಗಿ ನೋಡಿದಳು, ಗಟ್ಟಿಯಾಯಿತು. ಮತ್ತೆ ಎದ್ದಳು, ಮತ್ತೆ ಬಗ್ಗಿದಳು. ಹೊರಗಿನಿಂದ ಬಂದ ಅಲ್ಲಾಭಕ್ಷ ಬಾಗಿಲಲ್ಲೇ ನಿಂತ.

"ಏನ್ ಬೇ ಇದು, ಕಂಪ್ಯೂಟರಿಗೆ ಸಲಾಮು ಹೊಡ್ಯಾಕತ್ತೀ?"

"ಅಬ್ಬಾ, ಒಂದ ಮಾನಿಟರಿನ್ಯಾಗ ಮೂರ ಕೆಂಪ ಅದಾವು!"

ಯುನೂಸನಿಗೆ ಇದೇ ಬೇಕಾಗಿತ್ತು. "ಆಪಾ, ನಾ ಎರಡ ವರ್ಷದಿಂದ ಬಡ್ಕೊಳ್ಳಾಕತ್ತೀನಿ, ಇದನ್ನ ಒಗದು ಹೊಸಾದ ತರೂಣು ಅಂತ. ಇದರ ಪ್ಯಾನೆಲ್ಲ ಅಂಥಾದ್ದು. ನೆಟ್ಟಗ ಮುಂದ ಕುಂತವರಿಗಷ್ಟ ನೆಟ್ಟಗ ಕಾಣ್ತೈತಿ. ಮ್ಯಾಲ ಇದು ಸೆಕೆಂಡಿಗೆ ಅರವತ್ತ ಸಲ ಅಷ್ಟ ಚಿತ್ರ ಬದಲಿ ಮಾಡ್ತೈತಿ. ನೂರಾ ಅರವತ್ತೈದರದ್ದು ತಂದ್ರ ವೈರಿ ಮೂಲಿಯಿಂದ ಹೊರಗ ಬರೂದ್ಕಿಂತ ಮೊದಲ ಕಾಣ್ತಾನ."

"ಹೊರಗ ಬರೂದ್ಕಿಂತ ಮೊದಲ ಹೆಂಗ ಕಾಣ್ತಾನಲೇ?"

"ಅಂದ್ರ... ಬಂದ ಕೂಡಲೇ."

ಇಬ್ಬರ ಬಳಿಯೂ ಸ್ವಲ್ಪ ಸ್ವಲ್ಪ ಗಂಟು ಇತ್ತು. ಕೂಡಿ ಒಂದೇ ತರುವುದು ಅಂತಾಯಿತು. ಹಗಲು ಆಕೆಯ ಬಣ್ಣಕ್ಕೆ, ಸಂಜೆ ಇವನ ಓಟಕ್ಕೆ. ಹೇಳಲಿಕ್ಕೆ ಸುಲಭ. ಆದರೆ ಒಂದೇ ಎತ್ತು ಹೊಲಕ್ಕೂ ಬೇಕು, ಓಡುವ ಶರ್ಯತ್ತಿಗೂ ಬೇಕು ಅಂದರೆ ಸಂತೆಯಲ್ಲಿ ಎಂಥದನ್ನು ಹುಡುಕುತ್ತೀರಿ? ನಾಲ್ಕು ದಿನ ರೂಬಿನಾ ಊಟ ಮಾಡುವಾಗ, ಬಸ್ಸಿನಲ್ಲಿ ಹೋಗುವಾಗ ಮೊಬೈಲಿನಲ್ಲಿ ಮಾನಿಟರಿನದೇ ವಿಡಿಯೋ ನೋಡಿದಳು. ನೋಡಿದಷ್ಟೂ ಪ್ರಶ್ನೆ ಹುಟ್ಟಿದವು.

"ಯುನೂಸ್, ಇಲ್ಲಿ ಬಣ್ಣ ನೂರಕ್ಕ ನೂರ ಐತಿ ಅಂತಾರ. ಬಣ್ಣಕ್ಕ ಮಾರ್ಕ್ಸ ಹೆಂಗ ಹಾಕ್ತಾರ?"

ಕೊನೆಗೆ ವಿಡಿಯೋ ನೋಡುತ್ತ ಆಕೆಗೇ ಹೊಳೆಯಿತು. ಕಂಪ್ಯೂಟರಿನವರೆಲ್ಲ ಕೂಡಿ ಬಣ್ಣಗಳ ಒಂದು ಹೊಲ ಅಳೆದು ಬದು ಹಾಕಿಟ್ಟಿದ್ದಾರೆ. ಅಗ್ಗದ ಮಾನಿಟರ್ ಆ ಹೊಲದ ನಡುವಿನಷ್ಟೇ ಉಳುತ್ತದೆ, ಬದುವಿನ ಹತ್ತಿರದ ಕಡುಕೆಂಪು, ಕಡುಹಸಿರು ಬೀಳು ಬೀಳುತ್ತವೆ. ಚಲೋದು ಬದುವಿನ ತನಕ ಹೋಗುತ್ತದೆ. "ಅಮ್ಮಿಯ ಕೆಂಪು ಅಗದಿ ಬದುವಿನ ಮ್ಯಾಲ ನಿಂತೈತಿ ನೋಡು" ಅಂತ ಕುಣಿದಳು.

ಹುಬ್ಬಳ್ಳಿಯಲ್ಲಿ ಮಾಂತೇಶ ಅನ್ನುವವನ ಕಂಪ್ಯೂಟರ್ ಅಂಗಡಿ. ಉದ್ದನೆಯ ಕೋಣೆ, ಬೂದಿ ಬಣ್ಣದ ಗೋಡೆ, ಬಿಳಿ ಟ್ಯೂಬ್‌ಲೈಟು, ಸಾಲಾಗಿ ಹತ್ತಾರು ಮಾನಿಟರ್. ಎಲ್ಲದರಲ್ಲೂ ಗಿಳಿ, ಹಣ್ಣು, ಸಮುದ್ರ, ಕಣ್ಣು ಕುಕ್ಕುವ ಹಾಗೆ. ಯುನೂಸ್ ಒಳಗೆ ಕಾಲಿಟ್ಟವನೇ ಬಿಲ್ಲಿನ ಹಾಗೆ ಬಾಗಿದ ಒಂದು ದೊಡ್ಡ ಮಾನಿಟರಿನ ಮುಂದೆ ಹೋಗಿ ನಿಂತುಬಿಟ್ಟ. ರೂಬಿನಾ, ತಿರುಗಿ ಬಂದಿದ್ದ ಒಂದು ಜಮಖಾನವನ್ನು ಚೀಲದಿಂದ ತೆಗೆದು ಕೌಂಟರಿನ ಮೇಲೆ ಹಾಸಿದಳು.

ಮಾಂತೇಶ ಕನ್ನಡಕ ಏರಿಸಿದ. "ಅಕ್ಕಾರ, ಇಲ್ಲೇ ಸಂತಿ ಹಚ್ಚತೀರೇನ್ರಿ?"

"ಇಲ್ರಿ, ಇದು ನಮ್ಮ ತಕ್ಕಡಿ. ಈ ಕೆಂಪು ಇದ್ದಂಗ ಯಾವುದರಾಗ ಕಾಣ್ತೈತೋ ಅದನ್ನ ಒಯ್ತೀವಿ. ಮೊದಲ ಈ ಝಗಝಗ ಬಂದ್ ಮಾಡ್ರಿ. ಗಿಳಿ ಹಿಂಗ ಹೊಳದ್ರ ಬೆಕ್ಕಿಗೂ ಕಣ್ಣ ಕಾಣಂಗಿಲ್ಲ."

ಮಾಂತೇಶ ನಕ್ಕು, ಒಂದೊಂದರಲ್ಲೂ ಅಂಗಡಿಯ ಥಳಕು ತೆಗೆದು ಸಾದಾ ಬಣ್ಣಕ್ಕೆ ಇಟ್ಟ. ಆಗ ಸಾಲಿನ ಗಿಳಿಗಳೆಲ್ಲ ಮೈ ತೊಳೆದುಕೊಂಡಂತೆ ಬೇರೆ ಬೇರೆ ಆದವು. ಬಾಗಿದ ಮಾನಿಟರಿನ ಕಪ್ಪು ಬಾವಿಯಂಥ ಕಪ್ಪು, ನೋಡಲಿಕ್ಕೆ ಚಂದ. ಆದರೆ ಯುನೂಸನ ಆಟ ಹಚ್ಚಿದಾಗ ಕತ್ತಲಲ್ಲಿ ಓಡುವ ಮನುಷ್ಯನ ಹಿಂದೆ ಮಸಿ ಬಳಿದಂಗೆ ಒಂದು ನೆರಳು ಎಳೆಯುತ್ತ ಬಂತು. ಯುನೂಸ್ ಅದನ್ನು ನೋಡಿಯೂ ನೋಡದವನ ಹಾಗೆ ನಿಂತ.

"ಕಂಡಿಲ್ಲೇನ?" ಅಂದಳು ರೂಬಿನಾ.

"ಏನದು?"

"ಆ ಬಾಲ."

"ಕಂಡಿತು" ಅಂದ, ಊದಿದ ಪುಗ್ಗೆಯ ಗಾಳಿ ಬಿಟ್ಟಂಗೆ.

ಉಳಿದದ್ದು ಐಪಿಎಸ್ ಅನ್ನುವ ಜಾತಿಯ ಪ್ಯಾನೆಲ್ಲಿನ ಒಂದು. ಇಪ್ಪತ್ತೇಳು ಇಂಚು, ಸಪಾಟು, ಹೊಳಪಿಲ್ಲದ ಮುಖ, ಎಡಕ್ಕೆ ನಿಂತರೂ ಬಲಕ್ಕೆ ನಿಂತರೂ ಬಣ್ಣ ಅಳ್ಳಾಡದು. ಓಟವೂ ಯುನೂಸ್ ಕೇಳಿದಷ್ಟು ಇತ್ತು. ಜಮಖಾನದ ಫೋಟೋ ಬೇರೆಯೇ ಮಾತು, ಮೊದಲು ಮಾನಿಟರಿನ ಕೆಂಪಿನ ಪಟ್ಟಿಯ ಬಾಜೂಕ್ಕೆ ತಾಯಿಯ ನೂಲನ್ನು ಹಿಡಿದು ನೋಡಿದಳು. ಎರಡೂ ಒಂದಕ್ಕೊಂದು ಮಾತಾಡಿಸಿದಂಗೆ ಇತ್ತು.

ಒಂದೇ ತೊಡಕು. ಅದರಲ್ಲಿ ಚುಕ್ಕಿ ಹೆಚ್ಚು, ಅಂದರೆ ನೂಲಿನ ಎಳೆ ಎಳೆ ಕಾಣುತ್ತದೆ. ಆದರೆ ಅಷ್ಟು ಚುಕ್ಕಿಯನ್ನು ಆಟದ ವೇಗದಲ್ಲಿ ತುಂಬಲಿಕ್ಕೆ ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ದಮ್ಮು ಸಾಲದು. ಮಾಂತೇಶ ಅದನ್ನು ಮುಚ್ಚಿಡಲಿಲ್ಲ. "ಸರ್, ಆಟದಾಗ ಚಂದ ಒಂದೀಟು ಕಡಿಮಿ ಮಾಡ್ಕೋಬೇಕಾಗ್ತೈತ್ರಿ" ಅಂದ.

ಯುನೂಸ್ ಬಾಗಿದ ಮಾನಿಟರನ್ನು ಇನ್ನೊಮ್ಮೆ ನೋಡಿದ. ಕೌಂಟರಿನ ಮೇಲಿನ ಜಮಖಾನವನ್ನೂ ನೋಡಿದ.

"ಹುಲ್ಲಿನ ಎಳಿ ಎಳಿ ಕಾಣದಿದ್ರ ಏನೂ ಆಗಂಗಿಲ್ಲ. ವೈರಿ ಕಂಡ್ರ ಸಾಕು. ಕಟ್ರಿ ಇದನ್ನ."

ಮನೆಗೆ ಬಂತು. ಓಣಿಯವರೆಲ್ಲ ಬಂದು ನೋಡಿಹೋದರು. ಯುನೂಸ್ ಒಂದಿಡೀ ದಿನ ಗೆಳೆಯರ ಮುಂದೆ ಕೊಚ್ಚಿಕೊಂಡ, "ಹಾರ್ತೈತಿ ಲೇ, ಬೆಣ್ಣಿ ಸವರಿದಂಗ! ಕಣ್ಣಿದ್ದವನಿಗೆ ಫರಕ್ ಗೊತ್ತಾಗ್ತೈತಿ." ರೂಬಿನಾ ಸುಮ್ಮನೆ ಸೆಟ್ಟಿಂಗ್ ಕೆದಕುತ್ತ ಹೋದರೆ ಅಲ್ಲಿ ಇನ್ನೂ ಅರವತ್ತೇ ಇತ್ತು. ಯಾರೂ ಬದಲಿಸಿರಲಿಲ್ಲ.

"ಏನ್ ಲೇ, ನಿನ್ನಿ ಎಲ್ಲಿಂದ ಹಾರಿತು?"

ಯುನೂಸನ ಕಿವಿ ಕೆಂಪಾದವು. ನೂರಾ ಅರವತ್ತೈದಕ್ಕೆ ಇಟ್ಟ ಮೇಲೆ ನಿಜವಾಗಿಯೂ ಬೆಣ್ಣೆ ಸವರಿದಂಗೆ ಆಯಿತು, ಆದರೆ ಅವನು ಆ ಮಾತನ್ನು ಮತ್ತೆ ಆಡುವ ಧೈರ್ಯ ಮಾಡಲಿಲ್ಲ. ರೂಬಿನಾ ನಕ್ಕಳು. ನಕ್ಕ ಮೇಲೆ ಒಂದು ಹುಳ ತಲೆಗೆ ಹೊಕ್ಕಿತು: ರೊಕ್ಕ ಕೊಟ್ಟ ಮೇಲೆ ಕಣ್ಣು ಇಲ್ಲದ್ದನ್ನೂ ಕಾಣುತ್ತದೆಯೇ? ಹಂಗಾದರೆ ತನ್ನ ಕಣ್ಣು?

ಮಗ್ಗದಿಂದ ಇಳಿದ ಹೊಸ ಜಮಖಾನವನ್ನು ಪಡಸಾಲೆಯಲ್ಲಿ ಹಾಸಿ ಫೋಟೋ ತೆಗೆದಳು. ಜಮಖಾನ ಕಣ್ಣ ಮುಂದೆ, ಫೋಟೋ ಹೊಸ ಮಾನಿಟರಿನಲ್ಲಿ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹೋಲಿಸಿ, ಕೂದಲೆಳೆ ಕೂದಲೆಳೆ ಬಣ್ಣ ಸರಿಸಿ, ಎರಡೂ ಒಂದೇ ಆದವು ಅನಿಸಿದ ಮೇಲೆ ಪುಣೆಗೆ ಕಳಿಸಿದಳು. ಶೇಠ್ ತಕ್ಷಣ ಫೋನು ಮಾಡಿದ. ದನಿಯಲ್ಲಿ ಖುಷಿ.

"ವಾಹ್! ತಾಯಿ ಇಟ್ಟಂಗಿ ಬಣ್ಣ ಹಾಕಿಬಿಟ್ಟರೇನು? ಅದೇ ಮೆತ್ತನೆಯ ಬಣ್ಣ. ಇದೇ ಬೇಕಾಗಿತ್ತು. ಹೀಗೇ ಮುಂದುವರಿಸಿ."

ರೂಬಿನಾ ಫೋನು ಕೆಳಗಿಟ್ಟಳು. ತಾಯಿ ಹಾಕಿದ್ದು ಕೆಂಪೇ. ಮಾನಿಟರ್ ಬದಲಾಯಿತು, ಇಟ್ಟಂಗಿ ಬದಲಾಗಲಿಲ್ಲ. ಫಾತಿಮಾಬಿ ಮಾಡದಿಂದ ಪೊಟ್ಟಣ ಇಳಿಸಿ ಕೈಯಲ್ಲಿ ತೂಗಿದಳು.

"ಕಂಪ್ಯೂಟರೂ ಹಂಗ ಅಂತೈತಿ, ಶೇಠೂ ಹಂಗ ಅಂತಾನ. ನನ್ನ ಕಣ್ಣಿಗೆ ವಯಸ್ಸಾತು. ನಾಳಿ ಜುಮ್ಮಾ. ಶನಿವಾರ ಕುದಿಸಿಬಿಡ್ತೇನಿ."

"ಒಂದ ದಿನ ತಡಿ ಅಮ್ಮಿ. ಮಾನಿಟರದ್ದ ಏನೋ ದೋಷ ಐತಿ. ತಿರುಗಿ ಕೊಟ್ಟ ಬರ್ತೀವಿ."

ಅಲ್ಲಾಭಕ್ಷ ಟೆಂಪೋ ಹೊಡೆಯುವವನು. ಹಳ್ಳಿಗಳ ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿಯ ಮಾರ್ಕೆಟ್ಟಿಗೆ ಹಾಕುವುದು ಅವನ ದಿನದ ಕೆಲಸ. ಶುಕ್ರವಾರ ಬೆಳಗ್ಗೆ ಮಾನಿಟರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಜಮಖಾನ ಕಾಲ ಬಳಿ ಇಟ್ಟುಕೊಂಡು ರೂಬಿನಾ ಅವನ ಬಾಜೂಕ್ಕೆ ಕುಂತಳು. ದಾರಿಯಲ್ಲಿ ಅಲ್ಲಾಭಕ್ಷ ಒಮ್ಮೆ, "ಹೋಗ್ಲಿ ಬಿಡು ಬೇಟಾ, ಬಣ್ಣ ಅಂದ್ರ ಬಣ್ಣ" ಅಂದ. ಆಕೆಗೆ ಸಮಾಧಾನ ಆಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಮಾಂತೇಶ ಡಬ್ಬಿ ಬಿಚ್ಚಿ ಮಾನಿಟರನ್ನು ಅದೇ ಕೌಂಟರಿನ ಮೇಲೆ ಹಚ್ಚಿದ. ರೂಬಿನಾ ಪೆನ್‌ಡ್ರೈವ್ ಕೊಟ್ಟಳು. ಫೋಟೋ ತೆರೆಯಿತು.

"ಅಕ್ಕಾರ, ಈ ಫೋಟೋ ಯಾಕ್ರಿ ಹಿಂಗ ಮಾಡೀರಿ? ಜಡ್ಡ ಬಿದ್ದು ಎದ್ದಂಗ ಐತಿ."

ಹೌದು. ಆಕೆಯ ಕಣ್ಣಿಗೂ ಹಂಗೇ ಕಂಡಿತು. ಮಾಸಿದ, ಹಸಿರು ಕಡೆಗೆ ವಾಲಿದ, ರಕ್ತವಿಲ್ಲದ ಕೆಂಪು. ಬಾಜೂಕ್ಕೆ ಹಾಸಿದ ಜಮಖಾನ ಮಾತ್ರ ಉರಿಯುತ್ತಿತ್ತು.

"ನಮ್ಮ ಮನ್ಯಾಗ ಎರಡೂ ಒಂದ ಇದ್ದವ್ರಿ" ಅಂದಳು. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಬೇರೆಯೇ ಏನೋ ಆಯಿತು. ಒಳಗಿನ ಹಳೆಯ 'ಯಾಕ' ಎದ್ದು ಕುಂತಿತು. "ತಡ್ರಿ. ಮಾನಿಟರ್ ಅದೇ. ಫೋಟೋ ಅದೇ. ಜಮಖಾನ ಅದೇ. ಕಣ್ಣೂ ನಂದ. ನವಲಗುಂದದಾಗ ಒಂದ, ಹುಬ್ಬಳ್ಳ್ಯಾಗ ಎರಡ. ನಡುವ ಏನ ಬದಲಿ ಆತು?"

"ಹವಾ ಬದಲಿ ಆಗಿರಬೇಕ್ರಿ" ಅಂದ ಮಾಂತೇಶ.

ಆಕೆ ನಗಲಿಲ್ಲ. ಜಮಖಾನ ಬಗಲಿಗೆ ಹಾಕಿಕೊಂಡು ಹೊರಗೆ ಬಂದಳು, ಬಿಸಿಲಿನಲ್ಲಿ ನೋಡೋಣ ಅಂತ. ಬಿಸಿಲಿನಲ್ಲಿ ಇನ್ನೂ ಕೆಂಪು. ಅಲ್ಲಾಭಕ್ಷ ಟೆಂಪೋದ ಹೇರಿಗೆ ಹೊಚ್ಚಿದ ಹಸಿರು ತಾಡಪತ್ರಿಯ ಹಗ್ಗ ಬಿಗಿಯುತ್ತಿದ್ದ.

"ಇದನ್ನ ಒಳಗ ಇಡ್ಲಾ ಅಬ್ಬಾ?"

"ಇಡು. ಚೀಲದ ಮ್ಯಾಲ ಇಡು."

ತಾಡಪತ್ರಿಯ ಅಂಚು ಎತ್ತಿ, ತಲೆ ಒಳಗೆ ಹಾಕಿ ಜಮಖಾನ ಹರವಿದಳು. ಒಳಗೆ ಹಸಿರು ಬೆಳಕು ತುಂಬಿತ್ತು. ಕಣ್ಣು ಒಗ್ಗಲಿ ಅಂತ ಸ್ವಲ್ಪ ಹೊತ್ತು ಹಾಗೇ ನಿಂತಳು. ನೋಡುತ್ತಾಳೆ: ಇಟ್ಟಂಗಿ!

"ಅಬ್ಬಾ!" ಆಕೆ ಕೂಗಿದ್ದು ತಾಡಪತ್ರಿಯ ಒಳಗಿನಿಂದ. "ಕೆಂಪ ಎಲ್ಲಿ ಹೋತು?"

ಅಲ್ಲಾಭಕ್ಷನಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ತಾಡಪತ್ರಿ ಬುಡಕ ಎಲ್ಲಾ ಹಂಗ ಕಾಣ್ತೈತಿ. ಅದಕ್ಕ ದಲಾಲಿ ಎಂದೂ ಇಲ್ಲಿ ಮೆಣಸಿನಕಾಯಿ ನೋಡಂಗಿಲ್ಲ. ಒಂದ ಬೊಗಸಿ ತಗೊಂಡು ಬಿಸಲಿಗೆ ಹೋಗ್ತಾನ. ಬುಡಕ ನೋಡಿದ್ರ ಬ್ಯಾಡಗಿ ಕಾಯಿನೂ ಹಳೇ ಕಾಯಿ ಅಂತ ಅನ್ನಬೇಕ."

ರೂಬಿನಾ ತಲೆ ಹೊರಗೆ ತೆಗೆದಳು. ಕೂದಲೆಲ್ಲ ಮೆಣಸಿನಕಾಯಿಯ ಧೂಳು, ಒಂದರ ಮೇಲೊಂದು ಸೀನು. ಸೀನುತ್ತಲೇ ಕೇಳಿದಳು, "ಅಬ್ಬಾ, ನಮ್ಮ ಪಡಸಾಲಿ ಗೋಡೆಗೆ ಆ ಬಣ್ಣ ಯಾರ ಆರಿಸಿದ್ದು?"

"ನಾನ" ಅಂದ ಅಲ್ಲಾಭಕ್ಷ, ಎದೆ ಸೆಟೆಸಿ. "ಯಾಕ, ಓಣಿ ಮಂದಿ ಎಲ್ಲಾ ಕೇಳ್ತಾರಲ್ಲ, ಎಲ್ಲಿಂದ ತಂದ್ರಿ ಅಂತ."

"ಜಮಖಾನ ತಿರುಗಿ ಬರಾಕ ಹತ್ತಿದ್ದು ಆ ಬಣ್ಣ ಹೊಡೆಸಿದ ರಂಜಾನ್ ಆದ ಮ್ಯಾಲ!"

ಅಲ್ಲಾಭಕ್ಷ ಒಂದು ಗಳಿಗೆ ತಾಡಪತ್ರಿ ನೋಡಿದ, ಮಗಳನ್ನು ನೋಡಿದ. ಜೀವಮಾನವೆಲ್ಲ ದಲಾಲಿಯ ಹಿಂದೆ ಬಿಸಿಲಿಗೆ ನಡೆದವನು, ಮನೆಯೊಳಗೆ ತಾನೇ ತಾಡಪತ್ರಿ ಹೊದಿಸಿ ಕುಂತಿದ್ದ. "ಲಾಹೌಲ... ಅಂದ್ರ ನಾನ ಏನ?" ಅಂದ.

ಕಿಡಕಿಯ ಬಿಸಿಲು ಗಿಳಿಹಸಿರು ಗೋಡೆಗೆ ಬಡಿದು, ಅಲ್ಲಿಂದ ಜಮಖಾನದ ಮೇಲೆ, ಆಕೆಯ ಕಣ್ಣಿನ ಮೇಲೆ ಬೀಳುತ್ತಿತ್ತು. ಹಸಿರು ಬೆಳಕಿನಲ್ಲಿ ತಾಯಿಯ ಕೆಂಪು ಮಂಕಾಗುತ್ತಿತ್ತು. ಆಕೆ ಆ ಮಂಕಿಗೆ ಸರಿಯಾಗಿ ಫೋಟೋವನ್ನೂ ಮಂಕು ಮಾಡುತ್ತಿದ್ದಳು. ಹಳೆಯ ಮಾನಿಟರ್ ಮೂರು ಕೆಂಪು ತೋರಿಸಿದ್ದು ಸುಳ್ಳಲ್ಲ. ಹೊಸದು ಬಂದು ಅದನ್ನು ಒಂದು ಮಾಡಿತು. ಆದರೆ ಆ ಒಂದನ್ನು ಆಕೆ ತಪ್ಪು ಬೆಳಕಿನಲ್ಲಿ ಕುಂತು ತಪ್ಪಾಗಿ ತಿದ್ದಿದ್ದಳು. ಮಾಂತೇಶನ ಬೂದಿ ಗೋಡೆ ಯಾವ ಬಣ್ಣದ ಪರವೂ ಮಾತಾಡದೆ ಸುಮ್ಮನೆ ನಿಂತಿತ್ತು, ಅಷ್ಟೇ ಫರಕು.

ಮಾನಿಟರ್ ಮತ್ತೆ ಡಬ್ಬಿ ಸೇರಿತು. "ಒಯ್ತೀರೇನ್ರಿ ತಿರುಗಿ?" ಅಂದ ಮಾಂತೇಶ.

"ಒಯ್ತೀವ್ರಿ. ಗೋಡೆ ತಿರುಗಿ ಕೊಡಾಕ ಬರಂಗಿದ್ರ ಅದನ್ನ ತರ್ತಿದ್ವಿ."

ಊರು ಮುಟ್ಟುವಷ್ಟರಲ್ಲಿ ಸಂಜೆ. ಗೋಡೆಗೆ ಬಣ್ಣ ಹೊಡೆಯಲಿಕ್ಕೆ ವೇಳೆ ಇಲ್ಲ, ಬೆಳಗಾದರೆ ಹಂಡೆ. ರೂಬಿನಾ ನೇರ ಓಣಿಯ ತುದಿಯ ಲಕ್ಷ್ಮಪ್ಪನ ಮನೆಗೆ ಹೋದಳು. ಲಕ್ಷ್ಮಪ್ಪ ಕುರಿ ಕಾಯುವವನು, ಅವನ ಮನೆಯಲ್ಲಿ ಕಂಬಳಿಗೆ ಬರ ಇಲ್ಲ.

"ಲಕ್ಷ್ಮಪ್ಪ ಕಾಕಾ, ಕರಿ ಕಂಬಳಿ ಕೊಡ್ರಿ, ಇದ್ದಷ್ಟೂ."

"ಯಾಕವಾ ತಂಗಿ, ಚಳಿಜ್ವರ ಬಂದೈತೇನ ಯಾರಿಗರ?"

"ಗೋಡೆಗೆ ಹೊಚ್ಚಬೇಕ್ರಿ."

ಲಕ್ಷ್ಮಪ್ಪ ಕಂಬಳಿ ಹೊತ್ತುಕೊಂಡು ತಾನೇ ಹಿಂದೆ ಬಂದ. ಗೋಡೆಗೆ ಹೊಚ್ಚುವುದನ್ನು ಅವನೂ ಎಲ್ಲಿ ನೋಡಿದ್ದ? ಕಿಡಕಿಗೊಂದು, ಹಿಂದಿನ ಗೋಡೆಗೊಂದು, ಬಾಜೂಕ್ಕೊಂದು, ಮೂಲೆ ಗುಡಾರವಾಯಿತು. ಯುನೂಸ್ ಮೂಗು ಮುಚ್ಚಿಕೊಂಡ.

"ಆಪಾ, ಕುರಿದೊಡ್ಡಿ ವಾಸನಿ. ಇಲ್ಲಿ ಕುಂತು ಹೆಂಗ ಆಡ್ಲಿ?"

"ಯಾಕಲೇ, ನಿನ್ನ ಆಟದಾಗ ಕುರಿ ಇಲ್ಲೇನ?" ಅಂದ ಲಕ್ಷ್ಮಪ್ಪ.

ಶನಿವಾರ ಬೆಳಗ್ಗೆ ಬಿಸಿಲು ಏರುವ ಮೊದಲೇ ರೂಬಿನಾ ಜಮಖಾನವನ್ನು ಅಂಗಳದ ನೆರಳಿನಲ್ಲಿ ಹಾಸಿ ಹೊಸದಾಗಿ ಫೋಟೋ ತೆಗೆದಳು. ಒಂದು ಬಿಳಿ ಹಾಳೆಯನ್ನೂ ಬಾಜೂಕ್ಕೆ ಇಟ್ಟಳು, ಬಿಳಿ ಬಿಳಿಯಾಗಿ ಬಂದಿದೆಯೋ ಇಲ್ಲವೋ ನೋಡಲಿಕ್ಕೆ. ಕಂಬಳಿಯ ಗುಡಾರದೊಳಗೆ ಕುಂತು ಫೋಟೋ ತೆರೆದಳು. ತಿದ್ದಬೇಕಾದ್ದು ಬಹಳ ಇರಲಿಲ್ಲ. ತಿದ್ದಬಾರದು ಅಂತ ಕೈ ತಡೆಯುವುದೇ ಕೆಲಸವಾಯಿತು.

ಹಿತ್ತಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಪೊಟ್ಟಣದ ಬಾಯಿ ಬಿಚ್ಚಿತ್ತು.

"ಅಮ್ಮಿ, ಬಾ ಒಮ್ಮೆ."

"ನೀರ ಕಾದೈತಿ."

"ಕಾಯ್ಲಿ. ಬಾ."

ಫಾತಿಮಾಬಿ ಕೈ ಒರೆಸಿಕೊಳ್ಳುತ್ತ ಬಂದಳು. ಕಂಬಳಿ ಸರಿಸಿ ಒಳಗೆ ಬಗ್ಗಿದಳು, ನೆಲದ ಮೇಲೇ ಕುಂತಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಎದ್ದು ನಿಂತು ನೋಡಿದಳು. ಬಣ್ಣ ಜಾಗ ಬಿಟ್ಟು ಅಲುಗಲಿಲ್ಲ. ಪಗಡೆಯ ಮನೆಗಳ ಕೆಂಪಿನ ಹತ್ತಿರ ಬೆರಳು ಒಯ್ದು, ಮುಟ್ಟದೆ ಹಿಂದೆ ತೆಗೆದಳು.

"ಇದು ನಂದು" ಅಂದಳು.

ರೂಬಿನಾ ಫೋಟೋ ಪುಣೆಗೆ ಕಳಿಸಿದಳು. ಶೇಠ್‌ನ ಫೋನು ಬರಲಿಕ್ಕೆ ತಡವಾಗಲಿಲ್ಲ.

"ಇದೇನು ಬೆಹೆನ್, ಮತ್ತೆ ಜೋರು ಬಣ್ಣ? ಮೊನ್ನೆಯದು ಚೆನ್ನಾಗಿತ್ತಲ್ಲ. ಅದನ್ನೇ ಹಾಕಲಿಕ್ಕೆ ಹೇಳಿ."

ಫಾತಿಮಾಬಿ ಮಗಳ ಕೈಯಿಂದ ಫೋನು ಇಸಿದುಕೊಂಡಳು. ಇಷ್ಟು ವರ್ಷದಲ್ಲಿ ಆಕೆ ಶೇಠ್‌ನ ಜೊತೆ ತಾನಾಗಿ ಮಾತಾಡಿದ್ದು ಅದೇ ಮೊದಲು.

"ಭಾಯಿಸಾಬ್, ಮೊನ್ನೆ ನೀವು ನೋಡಿದ ಬಣ್ಣ ನನ್ನದಲ್ಲ. ಅದು ನನ್ನ ಗಂಡನ ಗೋಡೆಯದು. ಬೇಕಾದರೆ ಡಬ್ಬಿಯ ನಂಬರ್ ಕೊಡಿಸುತ್ತೇನೆ, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಬಣ್ಣ ಈಗ ಕಳಿಸಿದ್ದು. ಡಬ್ಬಿ ಬಿಚ್ಚಿದವರಿಗೂ ಇದೇ ಕಾಣುತ್ತದೆ."

ಪಡಸಾಲೆಯಲ್ಲಿ ಅಲ್ಲಾಭಕ್ಷ ಕೆಮ್ಮಿದ. ಆ ಕಡೆ ಶೇಠ್ ನಕ್ಕ. ನಕ್ಕರೂ ವ್ಯಾಪಾರಿ ವ್ಯಾಪಾರಿಯೇ. ಈ ಕೆಂಪು ಕೇಳುವವರು ಕಡಿಮೆ, ಸದ್ಯಕ್ಕೆ ಒಂದನ್ನೇ ಕಳಿಸಿ, ನೋಡೋಣ ಅಂದ.

"ಒಂದೇ ಆಗಲಿ" ಅಂದಳು ಫಾತಿಮಾಬಿ. "ಆದರೆ ಫೋಟೋ ಇದೇ ಇರಬೇಕು."

ಹಿತ್ತಲಿಗೆ ಹೋಗಿ ಕಂದು ಪೊಟ್ಟಣವನ್ನು ಬದಿಗೆ ಸರಿಸಿ, ತನ್ನ ಎರಡು ಪುಡಿಯ ಡಬ್ಬಿ ಇಳಿಸಿದಳು. ಉಪ್ಪು ಹಾಕಿದಳು. ನೂಲಿನ ಲಡಿಗಳು ಹಂಡೆಯೊಳಗೆ ಇಳಿದವು, ಕೋಲಿಗೆ ಕೆಂಪು ಹತ್ತಿತು.

ಮರುವಾರ ಒಂದು ಜಮಖಾನ ಪುಣೆಗೆ ಹೋಯಿತು. ಅಲ್ಲಿಂದ ಯಾರ ಮನೆಗೋ ಹೋಯಿತು. ಅಲ್ಲಾಭಕ್ಷ ಕೆಲವು ದಿನ ಕೊರಿಯರಿನ ಗಾಡಿ ಓಣಿಗೆ ತಿರುಗಿದಾಗೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದ. ಗಾಡಿ ಮುಂದೆ ಹೋಗುತ್ತಿತ್ತು. ಹೋದದ್ದು ಹೋದಲ್ಲೇ ಉಳಿಯಿತು.